ಪಟೇಲಮ್ಮನ ಜ್ವರ

ಸುಣ್ಣ ನೆನೆಸುವ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಹಬ್ಬ ನೆನಪಾಗುತ್ತದೆ. ನನಗೆ ಒಂದು ಭಾನುವಾರ ನೆನಪಾಗುತ್ತದೆ. ಹೋದ ವಾರ ತವರಿಗೆ ಹೋದಾಗ ಅಂಗಳದಲ್ಲಿ ಒಂದು ಡ್ರಮ್ಮಿಗೆ ನೀರು ಸುರಿದು ಸುಣ್ಣ ಕಲಕುತ್ತಿದ್ದರು. ಹುಳು ಮನೆಗೆ ಸುಣ್ಣ ಬಳಿಸಬೇಕು, ಬಂದು ನಿಂತು ನೋಡಿಕೋ ಎಂದು ಅಮ್ಮ ಫೋನ್ ಮಾಡಿದ್ದಳು. ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಇಬ್ಬರು ಹುಡುಗಿಯರು ಆ ಕೋಣೆಗೆ ಬಾಡಿಗೆಗೆ ಬರುವವರಿದ್ದರು. ನೆಲಮಂಗಲದಿಂದ ಬಸ್ಸು ಬದಲಾಯಿಸಿಕೊಂಡು ಬಂದ ನನಗೆ ಗೇಟು ತೆಗೆಯುವಾಗಲೇ ಆ ಬಿಸಿ ಸುಣ್ಣದ ವಾಸನೆ ಬಂತು. ಕಾಲು ಮುಂದೆ ಹೋಗಲಿಲ್ಲ.

"ಯಾಕಮ್ಮಿ ಅಲ್ಲೇ ನಿಂತ್ಕಂಡೆ? ಒಳಕ್ ಬಾ," ಅಂದಳು ಅಮ್ಮ.

ಬಸ್ಸಲ್ಲಿ ಕೂತು ಕಾಲು ಹಿಡಿದುಕೊಂಡಿದೆ ಎಂದು ಹೇಳಿ ಒಳಗೆ ಹೋದೆ. ಎರಡು ವರ್ಷದಿಂದ ಇಂಥ ಸಣ್ಣಪುಟ್ಟ ಸುಳ್ಳು ನನಗೆ ಸಲೀಸಾಗಿವೆ. ಇವೆಲ್ಲ ಒಂದು ದೊಡ್ಡ ಸುಳ್ಳಿನ ಮರಿಗಳು.

ನಮ್ಮೂರು ದೇವನಹಳ್ಳಿ ಕಡೆಯ ಆವತಿಯಿಂದ ಒಳಕ್ಕೆ ಮೂರ್ನಾಲ್ಕು ಮೈಲಿ. ಮುಂದೆ ದ್ರಾಕ್ಷಿ ತೋಟ, ಹಿಂದೆ ರಾಗಿ ಹೊಲ, ತಲೆಯ ಮೇಲೆ ಗಳಿಗೆಗೊಂದು ವಿಮಾನ. ಅಪ್ಪ ಬೇಗ ಹೋದರು. ಆಮೇಲೆ ಅಮ್ಮ, ಊರವರ ಬಾಯಲ್ಲಿ ಪಿಳ್ಳಮ್ಮ, ನನ್ನನ್ನೂ ಅಣ್ಣನನ್ನೂ ಸಾಕಿದ್ದು ರೇಷ್ಮೆ ಹುಳುವಿನಿಂದ. ಮನೆಗೆ ಅಂಟಿಕೊಂಡ ಉದ್ದನೆಯ ಕೋಣೆಯೇ ಹುಳು ಮನೆ. ಕಿಟಕಿಗಳಿಗೆ ನೊಣ ನುಸುಳದಂಥ ಸಣ್ಣ ಕಣ್ಣಿನ ಬಲೆ, ಬಿದಿರು ತಟ್ಟೆಗಳನ್ನು ಒಂದರ ಮೇಲೊಂದು ಇಡುವ ಸ್ಟ್ಯಾಂಡು, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು. ಆ ಕೋಣೆಗೆ ಕಾಲು ತೊಳೆಯದೆ ಹೋದವರಿಗೆ, ಅವರು ನೆಂಟರೇ ಆಗಲಿ, ಅಮ್ಮನಿಂದ ಬೈಗುಳ ಗ್ಯಾರಂಟಿ.

ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಕಾಯಿಲೆಯೇನಲ್ಲ, ಆದರೂ ಹೆಸರು ಜ್ವರ. ಹುಳು ಜ್ವರಕ್ಕೆ ಕೂತಿತು ಅನ್ನುತ್ತಾರೆ, ಪೊರೆ ಬಿಟ್ಟು ಹೊರಬಂದರೆ ಎದ್ದಿತು ಅನ್ನುತ್ತಾರೆ. ಜ್ವರದಲ್ಲಿರುವ ಹುಳುವಿಗೆ ಸೊಪ್ಪು ಹಾಕುವ ಹಾಗಿಲ್ಲ, ಮುಟ್ಟುವ ಹಾಗಂತೂ ಇಲ್ಲವೇ ಇಲ್ಲ. ಅಮ್ಮನಿಗೆ ಓದುಬರಹ ಬಾರದು. ಯಾವಾಗ ಕೂತಿತು, ಯಾವಾಗ ಎದ್ದಿತು ಅನ್ನುವುದನ್ನು ಅವಳು ಹೇಳುತ್ತಿದ್ದಳು, ನಾನೋ ಅಣ್ಣನೋ ಹುಳು ಮನೆಯ ಬಾಗಿಲಿನ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆವು. "೩ನೇ ಜ್ವರ. ಶುಕ್ರವಾರ. ಮುಟ್ಟಬೇಡಿ." ಅದರ ಕೆಳಗೆ, "ಎದ್ದಿತು. ಶನಿವಾರ." ತಾರೀಕಿಲ್ಲ, ವರ್ಷವಿಲ್ಲ. ಬರೀ ವಾರ.

ಒಂದು ಸಲ ಮಾತ್ರ ಕೆಳಗಿನ ಸಾಲು ಬರೆಯಲಾಗಲಿಲ್ಲ. ಪಕ್ಕದ ತೋಟದಲ್ಲಿ ದ್ರಾಕ್ಷಿಗೆ ಹೊಡೆದ ಔಷಧಿ ಗಾಳಿಗೆ ತೂರಿ ಬಂದು ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿತ್ತು. ನಾಲ್ಕನೇ ಜ್ವರಕ್ಕೆ ಕೂತ ಹುಳು ಒಂದೂ ಏಳಲಿಲ್ಲ. ಆಗ ಅಣ್ಣ ಎಂಟನೇ ಕ್ಲಾಸು. ಸೀಮೆಸುಣ್ಣ ಹಿಡಿದು ಬಾಗಿಲ ಹತ್ತಿರ ನಿಂತು, "ಎದ್ದಿತು ಅಂತ ಬರ್ದ್‌ಬಿಡ್ಲಾ ಅಮ್ಮ?" ಎಂದು ಕೇಳಿದ. ಅವಳನ್ನು ಸಮಾಧಾನ ಮಾಡಲು ಅವನಿಗೆ ಹೊಳೆದದ್ದು ಅಷ್ಟೇ. ಅಮ್ಮ ತಟ್ಟೆ ಕೊಡವುತ್ತಲೇ ಹೇಳಿದಳು, "ಬ್ಯಾಡ ಕಣ್ಲಾ. ಏಳ್ದಿರೋ ಹುಳಕ್ಕೆ ಎದ್ದಿತು ಅಂತ ಬರೀಬಾರ್ದು." ಆ ಸಾಲು ಒಂಟಿಯಾಗಿಯೇ ಉಳಿಯಿತು. ಮುಂದೆ ಹಾಗೂ ಹೀಗೂ ಕೆಲವು ವರ್ಷ ಹುಳು ಸಾಕಿ, ನನ್ನ ಮದುವೆಯಾದ ಮೇಲೆ ಅಮ್ಮ ಆ ಕಸುಬನ್ನೇ ಬಿಟ್ಟಳು. ಕೋಣೆಗೆ ಬೀಗ ಬಿತ್ತು.

ಆ ಬೀಗ ತೆಗೆಸಿದ್ದು ಅಣ್ಣನ ಕಾಯಿಲೆ. ಮುನಿರಾಜು ನಮ್ಮಣ್ಣ, ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಿದ್ದವನು. ಕಾಲು ಊದುತ್ತದೆ ಎಂದು ತೋರಿಸಲು ಹೋದವನಿಗೆ ಎರಡೂ ಕಿಡ್ನಿ ಹೋಗಿವೆ ಅಂದರು. ಮಂಗಳವಾರ, ಶುಕ್ರವಾರ ದೇವನಹಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು, ದಿನಕ್ಕೆ ಕುಡಿಯುವ ನೀರು ಅಳತೆ ಮಾಡಿ ಕುಡಿಯಬೇಕು. ಅಮ್ಮ ತನ್ನ ಕಿಡ್ನಿ ಕೊಡುತ್ತೇನೆಂದು ಕುಣಿದಳು. ಸಕ್ಕರೆ ಕಾಯಿಲೆ ಇದೆ, ಆಗುವುದಿಲ್ಲ ಅಂದರು. ನನ್ನದು ಹೊಂದಲಿಲ್ಲ. ಕಿಡ್ನಿಗೆ ಕಾಯುವವರ ಪಟ್ಟಿಯಲ್ಲಿ ಅವನ ಹೆಸರು ಬರೆದುಕೊಂಡರು. ಕಾರು ಬಿಟ್ಟ, ಎರಡು ಕಡೆ ನಡೆಯುತ್ತಿದ್ದ ಮದುವೆ ಮಾತು ತಾನಾಗಿಯೇ ನಿಂತಿತು. ಮೂವತ್ತೆಂಟು ವರ್ಷದ ಗಂಡಸು ಜಗುಲಿ ಮೇಲೆ ಕೂತು ಮೇಲೆ ಹೋಗುವ ವಿಮಾನಗಳನ್ನು ಹೊತ್ತಿನ ಪ್ರಕಾರ ಹೆಸರಿಸುತ್ತಿದ್ದ.

ಆ ದಿನಗಳಲ್ಲೇ ನಮ್ಮ ಹಳೇ ಹಿಪ್ಪುನೇರಳೆ ತೋಟದ ಪಕ್ಕದ ಜಮೀನನ್ನು ಲೇಔಟ್ ಮಾಡಲು ಜೆಸಿಬಿ ಬಂತು. ಅದು ಅಗೆದ ಮಣ್ಣಿನ ಗುಡ್ಡೆಯಲ್ಲಿ ಅಣ್ಣನಿಗೆ ಒಂದು ಜೇಡ ಸಿಕ್ಕಿತು. ಅಂಗೈಯಗಲ, ಮೈತುಂಬ ಕಂದು ರೋಮ, ಬಿಲ ಕಳೆದುಕೊಂಡು ಹಗಲು ಬೆಳಕಿನಲ್ಲಿ ದಿಕ್ಕು ತಪ್ಪಿ ಕೂತಿತ್ತಂತೆ. ತಿಂಡಿ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದ. ಅದಕ್ಕಾದ ಜಗಳ ನಾನೇ ಎದುರಿಗೆ ನಿಂತು ನೋಡಿದ್ದು.

"ಇಪ್ಪತ್ತು ವರ್ಷ ಆ ಕೋಣೇಲಿ ಜೇಡ್ರುಳ ಕಂಡ್ರೆ ಪೊರಕೇಲಿ ಬಡ್ದಿದೀನಿ ಕಣ್ಲಾ. ನನ್ ಹುಳಾನೆಲ್ಲಾ ತಿಂದಾಕ್ತವೆ ಅಂತ. ಈಗ ನೀನು ತಂದು ಅದೇ ಜಾಗದಲ್ಲಿ ಕೂರುಸ್ತೀಯಾ?" ಅಂದಳು ಅಮ್ಮ.

"ಅಷ್ಟೊಂದು ಬಡ್ದಿದೀಯಲ್ಲ, ಅದ್ಕೇ ಈಗ ಒಂದಕ್ಕೆ ಸೇವೆ ಮಾಡು," ಅಂದ ಅಣ್ಣ.

"ಹೆಣ್ ಕೊಡಕ್ ಬಂದೋರು ಇದನ್ನ ನೋಡಿದ್ರೆ ಹಂಗೇ ಓಡೋಗ್ತಾರೆ," ಅಂದೆ ನಾನು.

"ನೋಡ್ದೇನೇ ಓಡೋದೋರು ಇಬ್ರಿದಾರಲ್ಲ ಬಿಡು," ಅಂದು ನಕ್ಕ. ನನ್ನ ಬಾಯಿಗೆ ಯಾವಾಗಲೂ ಬ್ರೇಕಿಲ್ಲ. ಅವತ್ತು ನಾಲಿಗೆ ಕಚ್ಚಿಕೊಂಡೆ.

ಹುಳು ಮನೆ ಜೇಡಕ್ಕೆಂದೇ ಕಟ್ಟಿಸಿದಂತಿತ್ತು. ಕಿಟಕಿಗೆ ಬಲೆ ಇತ್ತು, ಇರುವೆಗೆ ನೀರಿನ ಬಟ್ಟಲಿತ್ತು, ತಂಪಿಗೆ ಒದ್ದೆ ಗೋಣಿತಾಟು ಕಟ್ಟುವ ಮೊಳೆ ಕೂಡ ಗೋಡೆಯಲ್ಲೇ ಇದ್ದವು. ಯಾರದೋ ಮನೆಯಲ್ಲಿ ಮೀನು ಸತ್ತು ಖಾಲಿಯಾಗಿದ್ದ ಗಾಜಿನ ತೊಟ್ಟಿ ತಂದ. ಅದಕ್ಕೆ ತೆಂಗಿನ ನಾರಿನ ಪುಡಿ, ಅದೇ ಹೊಲದ ಕೆಂಪು ಮಣ್ಣು ಬೆರೆಸಿ ತುಂಬಿದ. ಒಡೆದ ಮಡಕೆಯ ಅರ್ಧ ಹೋಳನ್ನು ಕವುಚಿ ಗೂಡು ಮಾಡಿದ. ಜೇಡ ಎರಡೇ ದಿನದಲ್ಲಿ ಮಡಕೆಯ ಅಡಿ ಬಿಲ ತೋಡಿ, ಬಾಯಿಗೆಲ್ಲ ನೂಲು ಹಾಸಿಕೊಂಡು, ಸಂಜೆಯಾದರೆ ಹೊಸಿಲಲ್ಲಿ ಬಂದು ಕೂರತೊಡಗಿತು. ಮನೆ ಬಿಟ್ಟು ಕದಲುವುದಿಲ್ಲ, ಊಟ ಮಾತ್ರ ಇದ್ದಲ್ಲಿಗೇ ಬರಬೇಕು. ಅದಕ್ಕೇ ಅಣ್ಣ ಅವಳಿಗೆ ಪಟೇಲಮ್ಮ ಅಂತ ಹೆಸರಿಟ್ಟ.

ಆಮೇಲೆ ಒಂದೊಂದಾಗಿ ಇನ್ನೂ ಆರು ಡಬ್ಬಿ ಬಂದವು. ಜಿಗಿಯುವ ಪುಟ್ಟ ಜೇಡಗಳು, ಬಲೆಯ ನಡುವೆ ಅಡ್ಡಗೀಟು ಹಾಕಿಕೊಂಡು ಕೂರುವ ಒಂದು ಹಳದಿ ಪಟ್ಟೆಯದು. ಮುಚ್ಚಳಕ್ಕೆ ಸೂಜಿ ಕಾಯಿಸಿ ತೂತು, ಒಳಗೊಂದು ಒಣ ಕಡ್ಡಿ. ಯಾವ ಡಬ್ಬಿಗೆ ಯಾವ ವಾರ ಏನು ಹಾಕಬೇಕು ಅನ್ನುವುದನ್ನು ಒಂದು ಕಾಗದದಲ್ಲಿ ಬರೆದು ಬಾಗಿಲ ಒಳಮೈಗೆ ಅಂಟಿಸಿದ. ತಿನ್ನದೆ ಬಿಟ್ಟ ಮಿಡತೆ ಸತ್ತರೆ ಕೊಳೆಯಬಾರದೆಂದು ಮೂಲೆಯಲ್ಲಿ ಸುಣ್ಣದ ಪುಡಿಯ ಬಟ್ಟಲು. ಅದು ಅಮ್ಮನ ಕಾಲದ ಪದ್ಧತಿ. ತಟ್ಟೆಯಲ್ಲಿ ಒಂದು ಹುಳು ಸತ್ತರೆ ತಕ್ಷಣ ಕಡ್ಡಿಯಲ್ಲಿ ಎತ್ತಿ ಸುಣ್ಣಕ್ಕೆ ಹಾಕಬೇಕು, ತಡ ಮಾಡಿದರೆ ಉಳಿದವಕ್ಕೂ ರೋಗ ಹತ್ತುತ್ತದೆ. ಚಿಕ್ಕಂದಿನಲ್ಲಿ ಆ ಕೆಲಸ ನನ್ನದೇ. ನನ್ನ ಕಣ್ಣು ಚುರುಕು ಎಂದು ಅಮ್ಮ ಎಲ್ಲರೆದುರು ಹೇಳಿಕೊಳ್ಳುತ್ತಿದ್ದಳು.

ನಾನು ನೆಲಮಂಗಲದ ಒಂದು ಗೋದಾಮಿನಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತೇನೆ. ಜೇಡ ತಂದ ಮರುವರ್ಷದ ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಶನಿವಾರ ತವರಿಗೆ ಬರುತ್ತಿದ್ದೆ. ಜಿಟಿಜಿಟಿ ಮಳೆ, ರಾಗಿ ಪೈರು ಮೊಣಕಾಲುದ್ದ, ಲೇಔಟಿನ ಹೊಸ ರಸ್ತೆಯೆಲ್ಲ ಕೆಸರು. ಬಂದಾಗ ಅಣ್ಣ ಹುಳು ಮನೆಯಲ್ಲೇ ಇರುತ್ತಿದ್ದ. ಬೆಳಗ್ಗೆ ಎದ್ದು ಸಿರಿಂಜಿನಲ್ಲಿ ನೀರು ಎಳೆದು, ಬಾಟಲಿ ಮುಚ್ಚಳದಲ್ಲಿ ಪಟೇಲಮ್ಮನಿಗೆ ತೊಟ್ಟು ತೊಟ್ಟಾಗಿ ತುಂಬುತ್ತಿದ್ದ. ಪಕ್ಕದಲ್ಲೇ ಅವನ ಪಾಲಿನ ನೀರಿನ ಸ್ಟೀಲ್ ಲೋಟ. "ನಂಗೊಂದ್ ಲೋಟ, ಅವ್ಳಿಗೊಂದ್ ಮುಚ್ಚಳ. ಇಬ್ರೂ ಅಳತೆ ಜನ," ಅನ್ನುತ್ತಿದ್ದ. ಒಣಗಿದ ಅವನ ತುಟಿ ನೋಡಲಾಗದೆ ನಾನು ಆಚೆ ಹೋಗಿ ಬಾವಿಕಟ್ಟೆಯ ಮೇಲೆ ಕೂರುತ್ತಿದ್ದೆ.

ಅಮ್ಮ ನಿಧಾನಕ್ಕೆ ಬಗ್ಗಿದಳು. ಮೊದಲು ಬಾಗಿಲಲ್ಲಿ ನಿಂತು ಬೈಯುತ್ತಿದ್ದವಳು, ಆಮೇಲೆ ಗೋಣಿತಾಟು ಒದ್ದೆ ಮಾಡುವ ನೆಪದಲ್ಲಿ ಒಳಗೆ ಬಂದಳು. ಒಂದು ದಿನ ತೊಟ್ಟಿಗೆ ಮುಖ ಒತ್ತಿ ಬಹಳ ಹೊತ್ತು ನೋಡಿ, "ನಮ್ ಹುಳ ಒಂದೇ ಸಲ ನೂಲು ಬಿಡ್ತಿತ್ತು. ಇವ್ಳು ದಿನಾ ಬಿಡ್ತಾಳಲ್ಲಪ್ಪಾ," ಅಂದಳು. ಅವಳ ದನಿಯಲ್ಲಿ ಹೊಟ್ಟೆಕಿಚ್ಚು ಇತ್ತು. ಅಣ್ಣನಿಗೆ ಅವತ್ತು ಆದ ಖುಷಿ ಯಾವ ಔಷಧಿಯಿಂದಲೂ ಆಗಿರಲಿಲ್ಲ.

ಅವನಿಗೆ ಇದ್ದ ಆಸೆ ಒಂದೇ. ಪಟೇಲಮ್ಮ ಪೊರೆ ಬಿಡುವುದನ್ನು ಕಣ್ಣಾರೆ ನೋಡಬೇಕು. ಬೆಳೆದ ದೊಡ್ಡ ಜೇಡ ವರ್ಷಕ್ಕೊಮ್ಮೆ ಪೊರೆ ಬಿಡುತ್ತದಂತೆ. ತಂದ ವರ್ಷ ಅವಳು ಬಿಟ್ಟದ್ದು ಒಂದು ಮಂಗಳವಾರ, ಅಣ್ಣ ದೇವನಹಳ್ಳಿಯಲ್ಲಿ ಮಷೀನಿನ ಪಕ್ಕ ಮಲಗಿದ್ದಾಗ. ಬಂದು ನೋಡಿದರೆ ತೊಟ್ಟಿಯಲ್ಲಿ ಎರಡು ಜೇಡ! ಒಂದು ಜೀವ, ಒಂದು ಬರೀ ಪೊರೆ. ಕಾಲಿನ ರೋಮ ಕೂಡ ಹಾಗೇ ಇರುವ ಆ ಪೊರೆಯನ್ನು ಹತ್ತಿಯ ಮೇಲಿಟ್ಟು, ಅಮ್ಮನ ಹಳೇ ಬಳೆ ಡಬ್ಬಿಯಲ್ಲಿ ಜೋಪಾನ ಮಾಡಿದ್ದ. ನನಗೆ ತೋರಿಸುವಾಗ ಹೇಳಿದ, "ಹಳೇದನ್ನ ಪೂರ್ತಿ ಬಿಟ್ಟು ಹೊಸಾದಾಗಿ ಎದ್ದು ಬರ್ತಾಳಲ್ಲ, ಅದನ್ನ ಒಂದ್ ಸಲ ನೋಡ್ಬೇಕು ಕಣೇ ಮಂಜಿ. ಮುಂದಿನ್ ಜ್ವರ ನೋಡ್ದೇ ನಾನ್ ಎಲ್ಲಿಗೂ ಹೋಗಲ್ಲ."

ಜ್ವರ ಅನ್ನುವ ಮಾತು ಅವನ ಬಾಯಲ್ಲಿ ಎಷ್ಟು ಸಹಜವಾಗಿ ಬಂತೆಂದರೆ, ನಾನು ಅದನ್ನು ಕೇಳಿಸಿಕೊಂಡೂ ಗಮನಿಸಲಿಲ್ಲ. ಎಲ್ಲಿಗೂ ಹೋಗಲ್ಲ ಅಂದದ್ದು ಮಾತ್ರ ಎದೆಗೆ ಚುಚ್ಚಿತು. ಜೇಡಗಳು ಹೇಗೆ ಪೊರೆ ಬಿಡುತ್ತವೆ, ಹೇಗೆ ಸಾಯುತ್ತವೆ ಅನ್ನುವುದನ್ನೆಲ್ಲ ಫೋನಿನಲ್ಲಿ ನೋಡಿ ಅವನು ನನಗೆ ಹೇಳುತ್ತಲೇ ಇದ್ದ. ನಾನು ಗೋದಾಮಿನ ಮೆಸೇಜುಗಳನ್ನು ನೋಡುತ್ತ ಹೂಂಗುಟ್ಟುತ್ತಿದ್ದೆ.

ಆ ಮಳೆಗಾಲದಲ್ಲಿ ಅವನು ಇನ್ನೊಂದು ಕೆಲಸ ಮಾಡಿದ. ಬಾಗಿಲ ಮೇಲೆ ಮಾಸಿಹೋಗುತ್ತಿದ್ದ ನಮ್ಮ ಹಳೇ ಬರಹವನ್ನೆಲ್ಲ ಸಾಲು ಸಾಲಾಗಿ ಹೊಸ ಸೀಮೆಸುಣ್ಣದಲ್ಲಿ ತಿದ್ದಿದ. ನನ್ನ ಸಾಲುಗಳನ್ನು ನನ್ನ ವಾಲಿದ ಅಕ್ಷರದಲ್ಲೇ, ಅವನ ಸಾಲುಗಳನ್ನು ಅವನ ಗುಂಡು ಅಕ್ಷರದಲ್ಲೇ. "ಮೇಷ್ಟ್ರೇ, ಕಾಪಿ ಬರೀತಿದೀರಾ?" ಎಂದು ನಾನು ರೇಗಿಸಿದೆ. "ಅಳಿಸೋದ್ರೆ ಅಮ್ಮಂಗೆ ಓದಿ ಹೇಳೋದೇನು?" ಅಂದ. ಬಾಗಿಲು ನಿನ್ನೆ ಬರೆದಂತೆ ಬೆಳ್ಳಗೆ ಹೊಳೆಯುತ್ತಿತ್ತು.

ಗೌರಿ ಹಬ್ಬ ಮುಗಿದ ಮೇಲೆ ಪಟೇಲಮ್ಮ ಊಟ ಬಿಟ್ಟಳು. ಹಾಕಿದ ಜಿರಳೆ ಅವಳ ಮುಂದೆಯೇ ಓಡಾಡಿದರೂ ಸುಮ್ಮನಿದ್ದಳು. ಬಿಲ ಬಿಟ್ಟು ಬಂದು ಮಣ್ಣಿನ ಮೇಲೆ ದಪ್ಪಗೆ ನೂಲಿನ ಚಾಪೆ ನೇಯ್ದಳು. ಅಣ್ಣ ಮಣೆ ಹಾಕಿಕೊಂಡು ತೊಟ್ಟಿಯ ಮುಂದೆ ಕೂತ. ಇದೆಲ್ಲ ನನಗೆ ಆಮೇಲೆ ಅಮ್ಮ ಹೇಳಿದ್ದು. ಶನಿವಾರದವರೆಗೆ ನಾನು ಊರಲ್ಲಿರಲಿಲ್ಲ. ಶುಕ್ರವಾರ ಅವನಿಗೆ ಹೋಗಲು ಮನಸ್ಸೇ ಇರಲಿಲ್ಲವಂತೆ. ಡಯಾಲಿಸಿಸ್ ತಪ್ಪಿಸಿದರೆ ಏನಾಗುತ್ತದೆಂದು ಅಮ್ಮ ಗಲಾಟೆ ಮಾಡಿ ಎಬ್ಬಿಸಿದಳು. ಹೊರಡುವ ಮುಂಚೆ ಅವನು ಸೀಮೆಸುಣ್ಣ ತೆಗೆದುಕೊಂಡು ಬಾಗಿಲ ಮೇಲೆ ಏನೋ ಬರೆದದ್ದನ್ನು ಅವಳು ನೋಡಿದ್ದಳು. ಏನೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಅಲ್ಲಿ ಅವನಿಗೆ ಉಸಿರು ಕಟ್ಟಿ ಅಡ್ಮಿಟ್ ಮಾಡಿಕೊಂಡರು. ಅಮ್ಮ ಅಲ್ಲೇ ಉಳಿದಳು. ಶನಿವಾರ ಮಧ್ಯಾಹ್ನ ನಾನು ಊರಿಗೆ ಬಂದು ಬೀಗ ತೆಗೆದು ಹಸು, ಕೋಳಿ ನೋಡಿಕೊಂಡೆ. ಸಂಜೆ ಅಣ್ಣನ ಫೋನ್ ಬಂತು. ದನಿ ಕ್ಷೀಣವಾಗಿತ್ತು.

"ಬಾಗ್ಲ ಮೇಲೆ ಬರ್ದಿದೀನಿ, ನೋಡ್ಕಂಡ್ಯಾ?"

"ಹೂಂ, ನೋಡ್ಕಂಡೆ. ಅದ್ರಂಗೇ ಮಾಡ್ತೀನಿ. ನೀನ್ ಮಾತಾಡ್ಬೇಡ, ಮಲಿಕ್ಕೋ."

"ಅಷ್ಟೇ ಕಣೇ. ಇನ್ನೇನಿಲ್ಲ."

ನಾನು ನೋಡಿಕೊಂಡದ್ದು ಅಂಟಿಸಿದ್ದ ಕಾಗದವನ್ನು. ಶನಿವಾರ, ಮೂರನೇ ಡಬ್ಬಿ, ಒಂದು ಸಣ್ಣ ಮಿಡತೆ. ಹಾಗೇ ಹಾಕಿದೆ. ಕಾಗದದ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ, ಅವನ ಗುಂಡು ಅಕ್ಷರದಲ್ಲಿ "ಜ್ವರ. ಶುಕ್ರವಾರ. ಮುಟ್ಟಬೇಡಿ." ಎಂದು ಇತ್ತು. ಅದನ್ನೂ ಓದಿದೆ. ಓದಿ ನಗು ಕೂಡ ಬಂತು. ಅಂಥ ಹತ್ತಾರು ಸಾಲುಗಳ ನಡುವೆ ಅದೊಂದು ಹಳೇ ಸಾಲು, ಅಮ್ಮನ ಯಾವುದೋ ಬೆಳೆಯದ್ದು ಅಂದುಕೊಂಡೆ.

ಭಾನುವಾರ ಬೆಳಗ್ಗೆ ಮಳೆ ನಿಂತಿತ್ತು. ನೀರು ಹಾಕಲು ಸಿರಿಂಜ್ ಹಿಡಿದು ತೊಟ್ಟಿಯ ಹತ್ತಿರ ಹೋದೆ. ಪಟೇಲಮ್ಮ ನೂಲಿನ ಚಾಪೆಯ ಮೇಲೆ ಅಂಗಾತ ಬಿದ್ದಿದ್ದಳು. ಎಂಟೂ ಕಾಲು ಮೇಲೆ. ಗಾಜು ತಟ್ಟಿದೆ, ಅಲ್ಲಾಡಲಿಲ್ಲ.

ನನಗೆ ಮೊದಲು ಬಂದ ಯೋಚನೆ ಅಣ್ಣನದು. ಮುಂದಿನ ಜ್ವರ ನೋಡದೆ ಎಲ್ಲಿಗೂ ಹೋಗಲ್ಲ ಅಂದವನಿಗೆ ಇದನ್ನು ಹೇಗೆ ಹೇಳುವುದು? ಎರಡನೆಯದು ಕೈಗೆ ತಾನಾಗಿ ಬಂತು. ಸತ್ತದ್ದನ್ನು ಇಡಬಾರದು, ಉಳಿದ ಆರಕ್ಕೂ ಹತ್ತುತ್ತದೆ, ಅವೂ ಹೋದರೆ ಅವನಿಗೆ ಏನು ಉಳಿಯುತ್ತದೆ? ಗೂಟಕ್ಕೆ ಸಿಕ್ಕಿಸಿದ್ದ ಅಮ್ಮನ ಬಿದಿರು ಕಡ್ಡಿ ತೆಗೆದುಕೊಂಡೆ. ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆಯೇ, ಮೆಲ್ಲಗೆ, ಮಧ್ಯಕ್ಕೆ ಹಿಡಿದು ಎತ್ತಿ ಸುಣ್ಣದ ಬಟ್ಟಲಿಗೆ ಹಾಕಿದೆ.

ಸುಣ್ಣದ ಮೇಲೆ ಒಂದು ಕಾಲು ಅಲ್ಲಾಡಿತು.

ಬಗ್ಗಿ ನೋಡಿದೆ. ಬೆನ್ನಿನ ಚಿಪ್ಪು ಮುಚ್ಚಳದಂತೆ ತೆರೆದುಕೊಂಡಿತ್ತು. ಒಳಗಿಂದ ತಿಳಿ ಬಣ್ಣದ, ಒದ್ದೆಯಾದ, ಎಳೇ ಕಾಲುಗಳು ಅರ್ಧಂಬರ್ಧ ಹೊರಗೆ ಬಂದಿದ್ದವು. ಆ ಹಸಿ ಮೈಗೆಲ್ಲ ಸುಣ್ಣ ಮೆತ್ತಿಕೊಂಡಿತ್ತು. ನಾನು ಕಿರುಚಿದೆನೋ ಏನೋ, ನೆನಪಿಲ್ಲ. ಎತ್ತಿ ಅಂಗೈ ಮೇಲೆ ಇಟ್ಟುಕೊಂಡು ಸಿರಿಂಜಿನಿಂದ ನೀರು ಬಿಟ್ಟೆ. ಸುಣ್ಣಕ್ಕೆ ನೀರು ಬಿದ್ದರೆ ಏನಾಗುತ್ತದೆಂದು ನಮ್ಮಂಥ ಮನೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನನ್ನ ಅಂಗೈಗೇ ಬಿಸಿ ತಾಗಿತು. ಅವಳನ್ನು ಚಾಪೆಯ ಮೇಲೆ ಮತ್ತೆ ಅಂಗಾತ ಮಲಗಿಸಿ, ಮಣೆಯ ಮೇಲೆ ಅಣ್ಣ ಕೂರುವ ಹಾಗೆ ಕೂತು, ಏಳೇ, ಏಳೇ ಪಟೇಲಮ್ಮ ಎಂದು ಬೇಡಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಕಾಲುಗಳು ಒಳಕ್ಕೆ ಮಡಚಿಕೊಂಡವು. ಆಗ ಫೋನ್ ತೆಗೆದು ನೋಡಿದೆ. ಪೊರೆ ಬಿಡುವ ಜೇಡ ಅಂಗಾತ ಮಲಗುತ್ತದೆ, ಸತ್ತ ಜೇಡ ಬೋರಲು ಬಿದ್ದಿರುತ್ತದೆ. ಬಾಗಿಲ ಕಡೆ ತಿರುಗಿ ಆ ಸಾಲನ್ನು ಇನ್ನೊಮ್ಮೆ ಓದಿದೆ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಹಿತ್ತಲಿನ ದಾಸವಾಳದ ಬುಡದಲ್ಲಿ ಮಣ್ಣು ಮಾಡಿದೆ.

ಅಣ್ಣ ಬಂದದ್ದು ಬುಧವಾರ. ಆಟೋ ಇಳಿದವನು ಮನೆಯೊಳಗೆ ಬರದೆ ಸೀದಾ ಹುಳು ಮನೆಗೆ ನಡೆದ. ನಾನು ಹಿಂದೆಯೇ ಹೋಗಿ, "ಸತ್ತೋದ್ಲು ಅಣ್ಣ," ಅಂದೆ.

ಅವನು ತೊಟ್ಟಿಯ ಅಂಚು ಹಿಡಿದುಕೊಂಡ. "ಅಂಗಾತ ಇದ್ಲಾ, ಬೋರಲಾ?" ಎಂದು ಕೇಳಿದ.

ಆ ಪ್ರಶ್ನೆಯ ಅರ್ಥ ನನಗೆ ಆಗ ಚೆನ್ನಾಗಿ ಗೊತ್ತಿತ್ತು. ಅಂಗಾತ ಅಂದರೆ ನಾನು ಕೊಂದೆ ಎಂದು ಅರ್ಥ. ಅವನ ಮುಖ ಊದಿಕೊಂಡಿತ್ತು, ತೋಳಿನಲ್ಲಿ ಪ್ಲಾಸ್ಟರು ಇನ್ನೂ ಇತ್ತು.

"ಬೋರಲು," ಅಂದೆ.

"ಹಂಗಾದ್ರೆ ಸರಿ. ಅವ್ಳ ಕಾಲ ಬಂತು," ಅಂದ. ಬಾಗಿಲ ಹತ್ತಿರ ಹೋಗಿ ತಾನು ಬರೆದ ಸಾಲಿನ ಮುಂದೆ ನಿಂತ. ಅಳಿಸಲು ಹೆಬ್ಬೆರಳು ಎತ್ತಿದ, ಅಳಿಸಲಿಲ್ಲ. ಮೂಲೆಯ ಸುಣ್ಣದ ಬಟ್ಟಲಿನ ಕಡೆ ಒಂದು ಸಲ ನೋಡಿದ. ಅದನ್ನು ನಾನು ತೊಳೆದು ಕವುಚಿಟ್ಟಿದ್ದೆ. ಯಾವಾಗಲೂ ತುಂಬಿರುತ್ತಿದ್ದ ಬಟ್ಟಲು ಅದು. ಅವನು ನನ್ನ ಕಡೆ ತಿರುಗಿ, "ಊಟಕ್ ಏನ್ ಮಾಡಿದೀಯೇ?" ಅಂತ ಕೇಳಿದ. ಅವರೆಕಾಳು ಸಾರು ಅಂದೆ.

ಮುಂದಿನ ವಾರಗಳಲ್ಲಿ ಉಳಿದ ಆರು ಡಬ್ಬಿಗಳನ್ನು ಒಂದೊಂದಾಗಿ ಬದುವಿಗೆ ಒಯ್ದು ಮುಚ್ಚಳ ತೆಗೆದು ಬಿಟ್ಟುಬಂದ. ಯಾಕೆಂದು ಅಮ್ಮ ಕೇಳಿದರೆ, ಅವಕ್ಕೂ ಊರು ನೋಡುವ ಆಸೆ ಇರುವುದಿಲ್ಲವಾ ಅಂದ. ನನ್ನ ಜೊತೆ ಮೊದಲಿಗಿಂತ ಹೆಚ್ಚೇ ಮಾತಾಡಿದ, ಹೆಚ್ಚೇ ನಗಿಸಿದ. ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ಹ್ಯಾಗಾದರೂ ಹೇಳಿಬಿಡಬೇಕೆಂದು ಪ್ರತಿ ಶನಿವಾರ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬರುತ್ತಿದ್ದೆ, ಪ್ರತಿ ಭಾನುವಾರ ಹೇಳದೆ ಹಿಂದಿರುಗುತ್ತಿದ್ದೆ. ಸಂಕ್ರಾಂತಿಗೆ ಎಂಟು ದಿನ ಇರುವಾಗ ಅಣ್ಣ ಹೋದ. ಅವನಿಗೆ ಕಿಡ್ನಿ ಸಿಗಲಿಲ್ಲ, ಜ್ವರ ನೋಡಲು ಸಿಗಲಿಲ್ಲ, ನನ್ನಿಂದ ಒಂದು ನಿಜದ ಮಾತೂ ಸಿಗಲಿಲ್ಲ.

ಹೋದ ವಾರ ಸುಣ್ಣ ಬಳಿಯಲು ಬಂದಿದ್ದವನು ಪಕ್ಕದೂರಿನ ನಾರಾಯಣಪ್ಪ. ಗೋಡೆ ಕೆರೆದು ಮುಗಿಸಿ, ಬಾಗಿಲು ತಟ್ಟಿ ಕೇಳಿದ, "ಇದ್ಕೂ ಒಂದ್ ಕೈ ಬಣ್ಣ ಹೊಡೀಲಾ ಪಿಳ್ಳಮ್ಮ? ಎಲ್ಲಾ ಗೀಚಾಕವ್ರೆ."

"ತಡಿಯಪ್ಪ," ಅಂದಳು ಅಮ್ಮ. ನನ್ನ ಕಡೆ ತಿರುಗಿದಳು. "ಮಂಜಿ, ಅಳಿಸೋಕ್ ಮುಂಚೆ ಒಂದ್ಸಲ ಓದ್ಬುಡು. ಅವ್ನಿದ್ದಾಗ ಓದಿ ಹೇಳೋನು."

ಅಮ್ಮ ಹೊಸಿಲ ಮೇಲೆ ಕೂತಳು. ನಾನು ಮೇಲಿನಿಂದ ಬೆರಳಿಟ್ಟು ಓದುತ್ತ ಬಂದೆ. ಎರಡನೇ ಜ್ವರ, ಸೋಮವಾರ. ಎದ್ದಿತು, ಮಂಗಳವಾರ. ಅವಳು ಕಣ್ಣು ಮುಚ್ಚಿಕೊಂಡು, "ಅದು ನಿಂಗೆ ಕಿವಿ ಚುಚ್ಸಿದ್ ಬೆಳೆ," "ಅದು ಒಳ್ಳೇ ಗೂಡಾಗಿದ್ದು," ಎಂದು ಒಂದೊಂದು ಬೆಳೆಯನ್ನೂ ಗುರುತು ಹಿಡಿದಳು. ಔಷಧಿ ಬಿದ್ದ ವರ್ಷದ ಒಂಟಿ ಸಾಲು ಬಂದಾಗ ಮುಂದಿನದಕ್ಕೆ ಹೋಗು ಎಂದು ಕೈಯಾಡಿಸಿದಳು. ಕಾಗದ ಅಂಟಿಸಿದ್ದ ಜಾಗದಲ್ಲಿ ಗೋಂದಿನ ಕಲೆ. ಅದರ ಪಕ್ಕ ಬಂದು ನಾನು ನಿಂತೆ. ಬಿಟ್ಟುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾರಾಯಣಪ್ಪನ ಕೈಯಲ್ಲಿ ಬ್ರಷ್ಷು ಇತ್ತು.

"ಅಷ್ಟೇ ಅಮ್ಮ," ಅಂದೆ.

"ಇನ್ನೊಂದೈತಲ್ಲ. ನಿನ್ ಬೆರಳು ಅಲ್ಲೇ ನಿಂತೈತೆ," ಅಂದಳು.

"ಜ್ವರ. ಶುಕ್ರವಾರ. ಮುಟ್ಟಬೇಡಿ."

"ಯಾವ್ ಬೆಳೆದು ಇದು? ನಂಗ್ ಗೊತ್ತಾಗ್ಲಿಲ್ಲವಲ್ಲ."

"ಬೆಳೇದಲ್ಲ ಅಮ್ಮ. ಪಟೇಲಮ್ಮಂದು."

ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಕಡ್ಡಿ, ಸುಣ್ಣ, ಎಳೇ ಕಾಲು, ಬೋರಲು ಅಂದದ್ದು, ಎಲ್ಲ ಹೇಳಿದೆ. ನಾರಾಯಣಪ್ಪ ಬೀಡಿ ಹಚ್ಚುವ ನೆಪದಲ್ಲಿ ಅಂಗಳಕ್ಕೆ ಹೋದ. ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು.

"ಜ್ವರ ಅಂತ ಬರ್ದಿದ್ದ. ನೀನು ಅವತ್ತು ಓದ್ಲಿಲ್ವಾ?"

"ಓದ್ದೆ ಅಮ್ಮ. ಹಳೇದು ಅಂದ್ಕಂಡೆ."

"ನೀನ್ ಬೋರಲು ಅಂದಿದ್ನ ಅವ್ನು ನಂಬಿದ್ನಾ?"

"ಗೊತ್ತಿಲ್ಲ."

ಅವಳು ಅತ್ತಳು. ನಾನೂ ಅತ್ತೆ. ನಿನ್ನ ತಪ್ಪಲ್ಲ ಬಿಡು ಎಂದು ಅವಳು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ನಮ್ಮಮ್ಮ ಅಂಥ ಮಾತು ಆಡುವವಳಲ್ಲ. ಕಿಟಕಿಯ ಕಟ್ಟೆಯ ಮೇಲೆ ಅಣ್ಣನ ಸೀಮೆಸುಣ್ಣದ ಚೂರು ಇನ್ನೂ ಇತ್ತು. ಅದನ್ನು ತೆಗೆದುಕೊಂಡು ಅವನ ಸಾಲಿನ ಕೆಳಗೆ ಕೈ ಇಟ್ಟೆ. ಅವನಿಗೆ ಕೊಡಲು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

"ಎದ್ದಿತು ಅಂತ ಬರ್ದ್‌ಬಿಡ್ಲಾ ಅಮ್ಮ?"

"ಬ್ಯಾಡ ಕಣಮ್ಮಿ," ಅಂದಳು. "ಏಳ್ದಿರೋದಕ್ಕೆ ಎದ್ದಿತು ಅಂತ ಬರೀಬಾರ್ದು."

ಆಮೇಲೆ ಮೂಗು ಒರೆಸಿಕೊಂಡು, ಮೊಣಕಾಲಿಗೆ ಕೈ ಕೊಟ್ಟು ಎದ್ದು, ಅಂಗಳದ ಕಡೆ ಮುಖ ಮಾಡಿ ಕೂಗಿದಳು. "ಬಾ ನಾರಾಯಣಪ್ಪ, ಗೋಡೆಗೆ ಬಳಿ. ಬಾಗ್ಲು ಮಾತ್ರ ಮುಟ್‌ಬ್ಯಾಡ."

ನಾನು ಸೀಮೆಸುಣ್ಣವನ್ನು ಇದ್ದ ಜಾಗದಲ್ಲೇ ಇಟ್ಟೆ.